ಕೋಳಿಯ ತಳಿ ಗುರುತಿಸುವ ಬಗೆ: ಜುಟ್ಟಿನಿಂದ ಕಾಲಿನವರೆಗೆ ಓದಿ, ಉಪಯೋಗ ಅರಿತು, ಅಡ್ಡತಳಿ ಮಾಡುವವರೆಗೆ

ಕೆಲವು ವರ್ಷಗಳ ಹಿಂದೆ ಕಡಕ್‌ನಾಥ್ ಎಂಬ, ಗರಿಯಷ್ಟೇ ಅಲ್ಲ ಒಳಮೈಯೂ ಕಪ್ಪಾಗಿರುವ ತಳಿ ಎಂದು ನಂಬಿ ಇಪ್ಪತ್ತೈದು ಮರಿಗಳನ್ನು ತಂದಿದ್ದೆ. ಮರಿಗಳೆಲ್ಲ ಕಪ್ಪಗಿದ್ದವು, ಮಾರಿದವರ ಮಾತೂ ಗಟ್ಟಿಯಾಗಿತ್ತು. ನಾಲ್ಕನೆಯ ತಿಂಗಳು ಕಳೆಯುವ ಹೊತ್ತಿಗೆ ಹುಂಜಗಳ ಜುಟ್ಟು ದಾಸವಾಳದಂತೆ ಕೆಂಪಾಯಿತು, ಕಾಲು ತಿಳಿ ಬೂದು ಬಣ್ಣಕ್ಕೆ ಇಳಿಯಿತು, ಕೊಕ್ಕು ಬಿಡಿಸಿ ನೋಡಿದರೆ ನಾಲಿಗೆ ಗುಲಾಬಿಯಾಗಿತ್ತು. ಕಪ್ಪಾಗಿ ಉಳಿದದ್ದು ಗರಿ ಮಾತ್ರ. ಅಂದು ನನಗೆ ನಷ್ಟವಾದದ್ದು ದುಡ್ಡಿನ ಲೆಕ್ಕದಲ್ಲಿ ದೊಡ್ಡದಲ್ಲ. ಆದರೆ ಒಂದು ತಳಿಯ ಹೆಸರಿನಲ್ಲಿ ಇನ್ನೊಂದನ್ನು ಸಾಕಿ, ಅದರ ಮೊಟ್ಟೆಯನ್ನೇ ಕಾವಿಗಿಟ್ಟು, ಆ ತಪ್ಪನ್ನು ನೆರೆಹೊರೆಯ ನಾಲ್ಕು ಮನೆಗಳಿಗೂ ಹಂಚಿದ್ದೆನಲ್ಲ ಎಂಬುದು ಇಂದಿಗೂ ಕೊರೆಯುತ್ತದೆ.

ಹತ್ತರಿಂದ ಐವತ್ತು ಕೋಳಿಗಳನ್ನು ಹಿತ್ತಿಲಿನಲ್ಲೋ ತೋಟದಲ್ಲೋ ಬಿಟ್ಟು ಸಾಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಹೆಸರನ್ನು ಮಾರುವವರು ಇಡುತ್ತಾರೆ, ಆದರೆ ತಳಿಯ ಗುರುತು ಹಕ್ಕಿಯ ಮೈಮೇಲೆ ಇರುತ್ತದೆ. ಗರಿಯ ಬಣ್ಣ ಆ ಗುರುತುಗಳಲ್ಲಿ ಕೊನೆಯದು.

ಮೊದಲ ಹೆಜ್ಜೆ: ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಮೈಸೂರು ಸೀಮೆಯಲ್ಲಿ ನಾಟಿ ಕೋಳಿ ಎನ್ನುವುದನ್ನೇ ಉತ್ತರ ಕರ್ನಾಟಕದಲ್ಲಿ ಜವಾರಿ ಕೋಳಿ ಎನ್ನುತ್ತಾರೆ, ಕರಾವಳಿಯಲ್ಲಿ ಊರ ಕೋಳಿ ಎನ್ನುತ್ತಾರೆ. ಈ ಮೂರೂ ತಳಿಯ ಹೆಸರುಗಳಲ್ಲ. ತಲೆತಲಾಂತರದಿಂದ ಊರಿನಲ್ಲಿ ತಾವಾಗಿಯೇ ಕೂಡಿ, ಕಾವು ಕೂತು, ಮೇದು ಬದುಕಿ ಉಳಿದ ಕೋಳಿಗಳ ಗುಂಪನ್ನು ಅವು ಸೂಚಿಸುತ್ತವೆ. ಹಾಗೆಯೇ ತುಳುನಾಡಿನ ಕೋಳಿ ಅಂಕದ ಮಾತಿನಲ್ಲಿ ಕೇಳಿಬರುವ ಕಕ್ಕೆ, ಬೊಳ್ಳೆ, ಕೆಮ್ಮೈರ ಮುಂತಾದವು ಬಣ್ಣವನ್ನು ನೋಡಿ ಇಟ್ಟ ಹೆಸರುಗಳು. ಒಂದೇ ಹೇಂಟೆಯ ಒಂದೇ ಕಾವಿನ ಮರಿಗಳಲ್ಲಿ ಎರಡು ಮೂರು ಬಣ್ಣಗಳು ಬರುವುದು ನಮ್ಮ ನಾಟಿ ಕೋಳಿಗಳಲ್ಲಿ ತೀರಾ ಸಾಮಾನ್ಯ.

ತಂದೆ ತಾಯಿಯ ಲಕ್ಷಣಗಳೇ ಮಕ್ಕಳಲ್ಲೂ ಮೊಮ್ಮಕ್ಕಳಲ್ಲೂ ಹೆಚ್ಚು ವ್ಯತ್ಯಾಸವಿಲ್ಲದೆ ಕಾಣಿಸಿಕೊಂಡರೆ ಮಾತ್ರ ಅದನ್ನು ತಳಿ ಎನ್ನಬಹುದು. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಸಂಸ್ಥೆ ದೇಶದ ಕೋಳಿ ತಳಿಗಳನ್ನು ನೋಂದಾಯಿಸುತ್ತದೆ. ಕಾಳಗಕ್ಕೆ ಹೆಸರಾದ ಅಸೀಲ್, ಕಡಕ್‌ನಾಥ್, ಕೇರಳದ ತಲಶ್ಶೇರಿ, ಆಂಧ್ರದ ಕಾಳಹಸ್ತಿ, ಅಂಡಮಾನ್ ಕಡೆಯ ನಿಕೋಬಾರಿ, ಗುಜರಾತಿನ ಅಂಕಲೇಶ್ವರ ಇವೆಲ್ಲ ಆ ಪಟ್ಟಿಯಲ್ಲಿವೆ. ಕರ್ನಾಟಕಕ್ಕೂ ಸೇರಿದ್ದು ಎಂದು ದಾಖಲಾಗಿರುವ ತಳಿ ಘಾಗಸ್; ಆಂಧ್ರಕ್ಕೂ ನಮಗೂ ಹಂಚಿಹೋಗಿರುವ ಈ ತಳಿಯ ಹೆಸರನ್ನು ಅದನ್ನು ಸಾಕುವ ಸೀಮೆಯ ಹೊರಗೆ ಕೇಳಿದವರೇ ಕಡಿಮೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇವುಗಳಾಚೆ ಇನ್ನೆರಡು ಗುಂಪುಗಳಿವೆ. ಒಂದು, ಸಂಶೋಧನಾ ಕೇಂದ್ರಗಳು ಹಿತ್ತಿಲ ಸಾಕಣೆಗೆಂದೇ ಬೆಳೆಸಿದ ಅಡ್ಡತಳಿಗಳು. ಆಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ 1989ರಲ್ಲಿ ಬಂದ ಗಿರಿರಾಜ, ಅದೇ ಹೆಬ್ಬಾಳದಿಂದ 2005ರಲ್ಲಿ ಬಂದ ಸ್ವರ್ಣಧಾರಾ, ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮತ್ತು ಗ್ರಾಮಪ್ರಿಯ, ಹೆಸರಘಟ್ಟದ ಕೇಂದ್ರದ ಕಾವೇರಿ ಈ ಗುಂಪಿನವು. ಇನ್ನೊಂದು, ಕಂಪನಿಗಳು ಮಾರುವ, ಮಾಂಸಕ್ಕಾಗಿ ಬೆಳೆಸಿದ ಬ್ರಾಯ್ಲರ್ ಮತ್ತು ಮೊಟ್ಟೆಗಾಗಿ ಬೆಳೆಸಿದ ಲೇಯರ್ ಕೋಳಿಗಳು.

ಎರಡನೆಯ ಹೆಜ್ಜೆ: ಕೋಳಿಯನ್ನು ಕೈಗೆತ್ತಿಕೊಳ್ಳಿ

ದೂರದಿಂದ ನೋಡಿ ತಳಿ ಹೇಳುವವರ ಮಾತನ್ನು ಅಷ್ಟಾಗಿ ನೆಚ್ಚಬೇಡಿ. ಸಂಜೆ ಗೂಡು ಸೇರಿದ ಮೇಲೆ ಹಿಡಿದರೆ ಹಕ್ಕಿ ಬೆದರುವುದಿಲ್ಲ. ಬಲ ಅಂಗೈಯನ್ನು ಎದೆಯ ಕೆಳಗೆ ತೂರಿಸಿ, ಎರಡೂ ಕಾಲುಗಳನ್ನು ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ತಲೆ ನಿಮ್ಮ ಮೊಣಕೈ ಕಡೆಗೆ ಬರುವಂತೆ ತೋಳಿನ ಮೇಲೆ ಒರಗಿಸಿಕೊಳ್ಳಿ. ಎಡಗೈ ಆಗ ಪರೀಕ್ಷೆಗೆ ಬಿಡುವಾಗಿರುತ್ತದೆ. ಗರಿ, ಚರ್ಮದ ಬಣ್ಣಗಳನ್ನು ಮಾತ್ರ ಮರುದಿನ ಬೆಳಗಿನ ಬೆಳಕಿನಲ್ಲಿ ನೋಡಬೇಕು. ಬಲ್ಬಿನ ಹಳದಿ ಬೆಳಕು ಬಿಳಿಗಾಲನ್ನೂ ಹಳದಿಗಾಲೆಂದು ತೋರಿಸುತ್ತದೆ.

ಐದು ತಿಂಗಳು ತುಂಬಿದ ಹಕ್ಕಿಯಾದರೆ ಉತ್ತಮ. ಒಂದು ದಿನದ ಮರಿಯನ್ನು ನೋಡಿ ತಳಿ ಖಚಿತಪಡಿಸಲು ಅನುಭವಿಗಳಿಗೂ ಆಗುವುದಿಲ್ಲ.

ಜುಟ್ಟು. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಗರಗಸದ ಹಲ್ಲಿನಂತೆ ಮೇಲೆದ್ದು ನಿಂತ ಒಂಟಿ ಜುಟ್ಟು. ನಾಟಿ, ವಿದೇಶಿ ತಳಿಗಳಾದ ಲೆಗ್‌ಹಾರ್ನ್ ಮತ್ತು ರೋಡ್ ಐಲೆಂಡ್ ರೆಡ್, ಗಿರಿರಾಜ ಎಲ್ಲಕ್ಕೂ ಸಾಮಾನ್ಯವಾಗಿ ಇದೇ. ಬಟಾಣಿ ಜುಟ್ಟು ತಲೆಗಂಟಿ ಕುಳ್ಳಗಿರುತ್ತದೆ, ಅದರ ಮೇಲೆ ಮೂರು ಸಾಲು ಗುಬುಟುಗಳಿರುತ್ತವೆ. ಇದು ಅಸೀಲ್ ಕೋಳಿಯ ಮುಖ್ಯ ಗುರುತು. ಚಪ್ಪಟೆಯಾಗಿ ಅಗಲವಾಗಿ, ಮೇಲೆಲ್ಲ ಸಣ್ಣ ಮುಳ್ಳುಗಳಂತೆ ಎದ್ದು, ಹಿಂಬದಿ ಚೂಪಾಗಿ ಮುಗಿಯುವುದು ಗುಲಾಬಿ ಜುಟ್ಟು. ಗುಲಾಬಿ ಜುಟ್ಟಿನದಕ್ಕೂ ಬಟಾಣಿ ಜುಟ್ಟಿನದಕ್ಕೂ ಅಡ್ಡ ಕೂಡಿಸಿದರೆ ಎರಡೂ ಅಲ್ಲದ, ಅಕ್ರೋಟು ಕಾಯಿಯಂತೆ ಸುಕ್ಕುಗಟ್ಟಿದ ಮೂರನೆಯ ಬಗೆಯ ಜುಟ್ಟು ಬರುತ್ತದೆ. ಬೇಟ್ಸನ್ ಮತ್ತು ಪನೆಟ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನೇ ಹಿಡಿದು, ಎರಡು ಜೀನುಗಳು ಸೇರಿ ಒಂದು ಲಕ್ಷಣವನ್ನು ಹೇಗೆ ನಿರ್ಧರಿಸುತ್ತವೆ ಎಂದು ತೋರಿಸಿಕೊಟ್ಟರು. ನಮಗಿಲ್ಲಿ ಉಪಯೋಗಕ್ಕೆ ಬರುವ ಸೂಕ್ಷ್ಮ ಬೇರೆಯೇ ಇದೆ. ಒಂಟಿ ಜುಟ್ಟಿನ ನಾಟಿಗೆ ಅಸೀಲ್ ಕೂಡಿಸಿದರೆ ಮರಿಗಳಿಗೆ ಬಟಾಣಿ ಜುಟ್ಟೇ ಬರುತ್ತದಾದರೂ ಅದು ಶುದ್ಧ ಅಸೀಲ್‌ನದಕ್ಕಿಂತ ಎತ್ತರವಾಗಿ, ನಡುವಿನ ಸಾಲು ಎದ್ದು ಕಾಣುವಂತೆ ಇರುತ್ತದೆ. ಶುದ್ಧ ಅಸೀಲ್ ಎಂದು ತೋರಿಸಿದ ಹುಂಜದಲ್ಲಿ ಇಂಥ ಜುಟ್ಟು ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಕಿವಿಹಾಲೆ. ಕಣ್ಣಿನ ಹಿಂದೆ, ಕಿವಿತೂತಿನ ಕೆಳಗೆ ಇರುವ ಬರಿ ಚರ್ಮದ ತುಣುಕು ಇದು. ಇಟಲಿ ಮೂಲದ ಲೆಗ್‌ಹಾರ್ನ್‌ನಲ್ಲಿ ಹಾಲೆ ಬಿಳಿ, ಮೊಟ್ಟೆಯೂ ಬಿಳಿ. ಅಮೆರಿಕದ ರೋಡ್ ಐಲೆಂಡ್ ರೆಡ್‌ನಲ್ಲಿ ಹಾಲೆ ಕೆಂಪು, ಮೊಟ್ಟೆ ಕಂದು. ಈ ಹೊಂದಾಣಿಕೆ ಬಹಳಷ್ಟು ಸಲ ನಿಜವಾಗುತ್ತದೆ, ಆದರೆ ಕಟ್ಟುನಿಟ್ಟಿನ ನಿಯಮವೇನಲ್ಲ. ನಾಟಿ ಹೇಂಟೆಗಳಲ್ಲಿ ಕೆಂಪಿನ ಮೇಲೆ ಬಿಳಿ ಚುಕ್ಕೆ ಬಿದ್ದ ಹಾಲೆಗಳೂ ಬೇಕಾದಷ್ಟಿವೆ, ಅವು ಇಡುವುದು ಕೆನೆ ಬಣ್ಣದ ಮೊಟ್ಟೆ.

ಕಾಲು. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಹುರುಪೆ ಹೊದ್ದ ಆ ಕಾಲಿನಲ್ಲಿ ಎರಡು ಪದರಗಳ ಬಣ್ಣ ಒಂದರ ಮೇಲೊಂದು ಕೂತಿರುತ್ತದೆ. ಚರ್ಮ ಹಳದಿಯಾಗಿದ್ದು ಒಳಪದರದಲ್ಲಿ ಕಪ್ಪಿಲ್ಲದಿದ್ದರೆ ಕಾಲು ಹಳದಿ. ಚರ್ಮ ಬಿಳಿಯಾಗಿದ್ದು ಒಳಗೆ ಕಪ್ಪಿದ್ದರೆ ಕಾಲು ಸ್ಲೇಟಿನ ನೀಲಿ ಬೂದು. ಹಳದಿ ಚರ್ಮದ ಅಡಿಯಲ್ಲಿ ಕಪ್ಪಿದ್ದರೆ ಎರಡೂ ಬೆರೆತು ಪಾಚಿ ಹಸಿರು. ಸಂತೆಯಲ್ಲಿ ಹಸಿರು ಕಾಲಿನ ಕೋಳಿಯನ್ನು ಅಪರೂಪದ ತಳಿ ಎಂದು ಹೆಚ್ಚಿನ ಬೆಲೆಗೆ ಮಾರುವುದನ್ನು ಕಂಡಿದ್ದೇನೆ. ಅದು ತಳಿಯಲ್ಲ, ಈ ಎರಡು ಪದರಗಳ ಕೂಟ ಅಷ್ಟೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯಾದರೂ ಹಳದಿ ಚರ್ಮದ ಜೀನು ಮಾತ್ರ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪಶ್ಚಿಮ ಘಟ್ಟದ ಅಂಚಿನ ತೋಟಗಳಲ್ಲಿ ಬೆಳಗಿನ ಜಾವ ಕೂಗುವ ಹಕ್ಕಿ ಅದೇ. ಜಗತ್ತಿನ ಫಾರಂಗಳಲ್ಲಿರುವ ಕೋಟ್ಯಂತರ ಹಳದಿಗಾಲಿನ ಕೋಳಿಗಳಲ್ಲಿ ನಮ್ಮ ಕಾಡಿನ ಒಂದು ಎಳೆ ಇದೆ ಎಂದು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಆ ಕಾಡುಕೋಳಿಯನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಅಡ್ಡತಳಿ ಮಾಡುವ ಆಸೆಯಿಂದಲೂ ಅದರ ಮೊಟ್ಟೆಗೆ ಕೈ ಹಾಕಬಾರದು.

ಕಾಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಚೆನ್ನಾಗಿ ಮೊಟ್ಟೆ ಇಡುವ ಹಳದಿ ಚರ್ಮದ ಹೇಂಟೆಯ ಮೈಯ ಹಳದಿ ದಿನದಿಂದ ದಿನಕ್ಕೆ ಮೊಟ್ಟೆಯ ಹಳದಿ ಲೋಳೆಗೆ ಇಳಿಯುತ್ತ ಹೋಗುತ್ತದೆ. ಮೊದಲು ಮೊಟ್ಟೆದ್ವಾರದ ಅಂಚು ಬಿಳಚುತ್ತದೆ, ಆಮೇಲೆ ಕಣ್ಣಿನ ಸುತ್ತು, ಕೊಕ್ಕು, ಎಲ್ಲಕ್ಕೂ ಕೊನೆಗೆ ಕಾಲು. ಆರೇಳು ತಿಂಗಳು ಬಿಡದೆ ಮೊಟ್ಟೆ ಇಟ್ಟ ಲೆಗ್‌ಹಾರ್ನ್ ಹೇಂಟೆಯ ಕಾಲನ್ನು ನೋಡಿ ಬಿಳಿ ಚರ್ಮದ ತಳಿ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಅದೇ ಹೇಂಟೆ ಮೊಟ್ಟೆ ನಿಲ್ಲಿಸಿ ಗರಿ ಉದುರಿಸಿದ ಮೇಲೆ ಹಳದಿ ಮತ್ತೆ ತುಂಬಿಕೊಳ್ಳುತ್ತದೆ. ಆದ್ದರಿಂದ ಚರ್ಮದ ಬಣ್ಣವನ್ನು ಹುಂಜದಲ್ಲೋ ಇನ್ನೂ ಮೊಟ್ಟೆ ಇಡದ ಎಳೆ ಹೇಂಟೆಯಲ್ಲೋ ನೋಡುವುದು ಒಳ್ಳೆಯದು.

ಗರಿಯ ರಚನೆ. ಬಣ್ಣವನ್ನಲ್ಲ, ರಚನೆಯನ್ನು ನೋಡಿ. ಅಸೀಲ್‌ನ ಗರಿ ಗಿಡ್ಡ, ಗಡಸು, ಮೈಗೆ ಅಂಟಿಕೊಂಡದ್ದು. ಎದೆಮೂಳೆಯ ಮೇಲೆ ಚರ್ಮ ಬರಿದಾಗಿಯೇ ಕಾಣುತ್ತದೆ. ಗುಂಗುರು ಗರಿಯ ಕೋಳಿಯಲ್ಲಿ ಗರಿಯ ತುದಿ ತಲೆಯ ಕಡೆಗೆ ಹೊರಳಿರುತ್ತದೆ. ಬೋಳು ಕತ್ತಿನ ಕೋಳಿಯಲ್ಲಿ ಕತ್ತಿನ ಮುಂಭಾಗಕ್ಕೆ ಕಣ್ಣಿಡಿ: ಅಲ್ಲೊಂದು ಸಣ್ಣ ಗರಿಗೊಂಚಲು ಇದ್ದರೆ ಆ ಜೀನು ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಬಂದಿದೆ, ಗೊಂಚಲೂ ಇಲ್ಲದೆ ಕತ್ತು ಪೂರ್ತಿ ಬೋಳಾಗಿದ್ದರೆ ಇಬ್ಬರಿಂದಲೂ ಬಂದಿದೆ. ಒಂದು ಹಕ್ಕಿಯ ಹಿಂದಿನ ತಲೆಮಾರನ್ನು ಬರಿಗಣ್ಣಿನಿಂದ ಇಷ್ಟು ಸ್ಪಷ್ಟವಾಗಿ ಓದಬಹುದಾದ ಲಕ್ಷಣಗಳು ಅಪರೂಪ.

ತೂಕ ಮತ್ತು ನಡತೆ. ತಕ್ಕಡಿ ಸುಳ್ಳು ಹೇಳುವುದಿಲ್ಲ. ಆರು ತಿಂಗಳ ನಾಟಿ ಹೇಂಟೆ ಸುಮಾರು ಒಂದೂಕಾಲು ಕಿಲೋ ತೂಗಿದರೆ ಹೆಚ್ಚು. ಅದೇ ವಯಸ್ಸಿಗೆ ಎರಡೂವರೆ ಕಿಲೋ ತೂಗುವ ಹೇಂಟೆಯನ್ನು ಯಾರು ನಾಟಿ ಎಂದರೂ ಒಪ್ಪಬೇಡಿ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟೊಡನೆ ಕಾವಿಗೆ ಕೂರುತ್ತದೆ, ಗದರಿದರೆ ಗರಿ ಕೆದರಿ ಕೊಕ್ಕಿನಿಂದ ಕುಕ್ಕುತ್ತದೆ, ರಾತ್ರಿ ಅವಕಾಶ ಸಿಕ್ಕರೆ ಹಲಸಿನ ಕೊಂಬೆಗೆ ಹಾರುತ್ತದೆ. ಗಿರಿರಾಜ, ಲೇಯರ್ ಕೋಳಿಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ.

ಮೂರನೆಯ ಹೆಜ್ಜೆ: ಗುರುತುಗಳನ್ನು ಕೂಡಿಸಿ ನೋಡಿ

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ ಸೀಮೆಯ ಭಿಲ್ ಸಮುದಾಯ ಸಾಕಿಕೊಂಡು ಬಂದ ತಳಿ. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರ ಗರಿ ಪೂರ್ತಿ ಕಪ್ಪಾಗಿಯೇ ಇರಬೇಕೆಂದಿಲ್ಲ, ಕತ್ತಿನ ಮೇಲೆ ಬೆಳ್ಳಿ ಅಥವಾ ಹೊಂಬಣ್ಣದ ಗೆರೆಗಳಿರುವ ಬಗೆಗಳೂ ಇವೆ. ಕಪ್ಪಾಗಿರಬೇಕಾದದ್ದು ಒಳಗೆ: ಜುಟ್ಟು, ಗಲ್ಲದ ಜೋಲು ನೇರಳೆ ಮಿಶ್ರಿತ ಕಪ್ಪು, ನಾಲಿಗೆ ಕಪ್ಪು, ಬಾಯಂಗಳ ಕಪ್ಪು, ರೆಕ್ಕೆಯ ಅಡಿಯ ಗರಿ ಸರಿಸಿದರೆ ಕಾಣುವ ಚರ್ಮ ಕಪ್ಪು, ಪಾದದ ಅಡಿಯೂ ಕಪ್ಪು. ಇವುಗಳಲ್ಲಿ ಎರಡಾದರೂ ಕೆಂಪಾಗಿಯೋ ಬಿಳಿಯಾಗಿಯೋ ಕಂಡರೆ ಅಡ್ಡತಳಿ ಎಂದೇ ತಿಳಿಯಿರಿ. ಮೊಟ್ಟೆ ಮಾತ್ರ ತಿಳಿಗಂದು ಅಥವಾ ಕೆನೆ ಬಣ್ಣದ್ದು. ಕಪ್ಪು ಮೊಟ್ಟೆಯನ್ನು ತೋರಿಸಿ ಕಡಕ್‌ನಾಥ್ ಮೊಟ್ಟೆ ಎನ್ನುವವರು ಮೋಸ ಮಾಡುತ್ತಿದ್ದಾರೆ.

ಅಸೀಲ್ ನಿಂತಾಗ ಬೆನ್ನು ಹಿಂದಕ್ಕೆ ಇಳಿಜಾರಾಗಿ, ಕತ್ತು ನೆಟ್ಟಗಾಗಿ, ಭುಜ ಅಗಲವಾಗಿ ಕಾಣುತ್ತದೆ. ಮುಖ ಉದ್ದ, ಹುಬ್ಬಿನ ಮೂಳೆ ಮುಂಚಾಚಿ ಕಣ್ಣಿನ ಮೇಲೆ ನೆರಳು ಹಾಕಿದಂತಿರುತ್ತದೆ, ಗಲ್ಲದ ಜೋಲು ಇದ್ದೂ ಇಲ್ಲದಂತೆ. ಕಾಲಿನ ಮೂಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ನೋಡಿದರೆ ಅದರ ದಪ್ಪವೇ ಬೇರೆಯದೆಂದು ಕೈಗೆ ಗೊತ್ತಾಗುತ್ತದೆ. ಪೀಲಾ, ಯಾಕೂಬ್, ನೂರಿ, ಕಾಗರ್ ಎಂಬ ಹೆಸರುಗಳು ಅಸೀಲ್ ಒಳಗಿನ ಬಣ್ಣದ ಬಗೆಗಳನ್ನು ಹೇಳುತ್ತವೆ.

ಲೆಗ್‌ಹಾರ್ನ್ ಹಗುರ ಮೈಯ, ದೊಡ್ಡ ಒಂಟಿ ಜುಟ್ಟಿನ ಬಿಳಿ ಕೋಳಿ; ಹೇಂಟೆಯ ಜುಟ್ಟು ಒಂದು ಬದಿಗೆ ಬಾಗಿ ಕಣ್ಣಿನ ಮೇಲೆ ಬಿದ್ದಿರುತ್ತದೆ. ಬಣ್ಣದ ನಾಟಿಗೆ ಲೆಗ್‌ಹಾರ್ನ್ ಕೂಡಿದರೆ ಮರಿಗಳು ಬಹುತೇಕ ಬಿಳಿಯಾಗಿ, ಅಲ್ಲಲ್ಲಿ ಮಸಿ ಸಿಡಿದಂತೆ ಕಪ್ಪು ಚುಕ್ಕೆಗಳನ್ನು ಹೊತ್ತು ಬರುತ್ತವೆ. ರೋಡ್ ಐಲೆಂಡ್ ರೆಡ್‌ನದು ಕಡುಗೆಂಪು ಗರಿ, ಕಪ್ಪು ಬಾಲ, ಇಟ್ಟಿಗೆಯಾಕಾರದ ಉದ್ದ ಮೈ.

ಗಿರಿರಾಜ, ಸ್ವರ್ಣಧಾರಾಗಳ ವಿಷಯದಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಅವುಗಳನ್ನು ನೋಟದಿಂದ ಮಾತ್ರ ದೃಢಪಡಿಸಲು ಆಗದು. ಗಿರಿರಾಜ ಹಲವು ಬಣ್ಣಗಳಲ್ಲಿ ಬರುತ್ತದೆ, ಭಾರೀ ಮೈಯ ಬೇರೆ ಅಡ್ಡತಳಿಗಳೂ ಹಾಗೆಯೇ ಕಾಣುತ್ತವೆ. ಇಲ್ಲಿ ನಂಬಬೇಕಾದದ್ದು ಮರಿ ಬಂದ ಮೂಲವನ್ನು. ವಿಶ್ವವಿದ್ಯಾಲಯದಿಂದಲೋ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಿಂದಲೋ ತಂದು, ರಸೀದಿ ಇಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ನಿಮಗೆ ಬೇಕಾದದ್ದು ಏನೆಂದು ನಿರ್ಧರಿಸಿ

ಯಾವ ತಳಿ ಒಳ್ಳೆಯದು ಎಂಬ ಪ್ರಶ್ನೆಗೆ ಯಾತಕ್ಕೆ ಎಂಬ ಮರುಪ್ರಶ್ನೆ ಇಲ್ಲದೆ ಉತ್ತರವಿಲ್ಲ. ಮೊಟ್ಟೆಯೇ ಮುಖ್ಯವಾದರೆ, ದಿನವೂ ಸಮತೋಲ ಆಹಾರ ಕೊಡುವ ಅನುಕೂಲವಿದ್ದರೆ, ಲೆಗ್‌ಹಾರ್ನ್ ಮೂಲದ ಲೇಯರ್ ಕೋಳಿ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುತ್ತದೆ. ಆದರೆ ಅದನ್ನು ಹಿತ್ತಿಲಿಗೆ ಬಿಟ್ಟು ಮೇದುಕೊಳ್ಳಲಿ ಎಂದರೆ ಬಿಳಿ ಗರಿಯಿಂದಾಗಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ, ಮೊಟ್ಟೆಯೂ ಇಳಿಯುತ್ತದೆ. ನಾಟಿ ಹೇಂಟೆ ವರ್ಷಕ್ಕೆ 40ರಿಂದ 60 ಮೊಟ್ಟೆಯನ್ನಷ್ಟೇ ಕೊಟ್ಟರೂ ತಿನ್ನಲು ಬಹುಪಾಲು ತಾನೇ ಹುಡುಕಿಕೊಳ್ಳುತ್ತದೆ, ಮರಿಯನ್ನೂ ತಾನೇ ಮಾಡುತ್ತದೆ. ಇವೆರಡರ ನಡುವಿನ ಜಾಗ ಅಡ್ಡತಳಿಗಳದ್ದು: ಗಿರಿರಾಜಕ್ಕೆ ವರ್ಷಕ್ಕೆ 130ರಿಂದ 150 ಮೊಟ್ಟೆ, ಸ್ವರ್ಣಧಾರಾಕ್ಕೆ 180ರಿಂದ 190, ಗ್ರಾಮಪ್ರಿಯಕ್ಕೆ 160ರಿಂದ 180 ಎಂದು ಅವುಗಳನ್ನು ಬೆಳೆಸಿದ ಕೇಂದ್ರಗಳು ಹೇಳುತ್ತವೆ. ಈ ಅಂಕಿಗಳು ಹೊತ್ತಿಗೆ ಸರಿಯಾಗಿ ಪೂರಕ ಆಹಾರ ಕೊಟ್ಟವರಿಗೆ ಮಾತ್ರ ಸಿಗುತ್ತವೆ. ಗಿರಿರಾಜಕ್ಕಿಂತ ಹಗುರವಾದ ಸ್ವರ್ಣಧಾರಾ ಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳುವುದರಲ್ಲಿ ಚುರುಕು; ಕಾಡಂಚಿನ ಮನೆಯವರು ಇದನ್ನು ಗಮನಿಸಬೇಕು.

ಮಾಂಸಕ್ಕಾದರೆ ಬ್ರಾಯ್ಲರ್ ಆರು ವಾರದೊಳಗೆ ಎರಡು ಕಿಲೋ ದಾಟುತ್ತದೆ. ಕಾರ್ನಿಷ್ ಎಂಬ ತಳಿಯ ಹುಂಜದ ಸಾಲು ಮತ್ತು ಬಿಳಿ ಪ್ಲಿಮತ್ ರಾಕ್ ಎಂಬ ತಳಿಯ ಹೇಂಟೆಯ ಸಾಲುಗಳಿಂದ ಬೆಳೆದು ಬಂದ ಕೋಳಿ ಅದು. ಆ ಕಾರ್ನಿಷ್‌ನ ಹಿಂದೆ ನಮ್ಮ ಅಸೀಲ್ ಇದೆ. ಹಿಂದೆ ಕಾರ್ನಿಷ್‌ಗೆ ಇಂಡಿಯನ್ ಗೇಮ್ ಎಂಬ ಹೆಸರೇ ಇತ್ತು. ನಾಟಿ ಕೋಳಿ ಸಾರು, ಮುದ್ದೆಗೆ ಮಾತ್ರ ಬ್ರಾಯ್ಲರ್ ಒಗ್ಗುವುದಿಲ್ಲ. ಗಟ್ಟಿ ಮಾಂಸ, ನಿಧಾನ ಬೇಯುವ ಮೂಳೆ, ಅದರಿಂದ ಇಳಿಯುವ ರುಚಿಗಾಗಿಯೇ ಜನ ಎರಡು ಪಟ್ಟಿಗೂ ಹೆಚ್ಚು ಬೆಲೆ ಕೊಡುತ್ತಾರೆ. ಅದೇ ಕಾರಣಕ್ಕೆ ಪೇಟೆಯಲ್ಲಿ ಮೊಟ್ಟೆ ಮುಗಿದ ಲೇಯರ್ ಕೋಳಿ, ಬಣ್ಣದ ಕ್ರಾಸ್ ಕೋಳಿಗಳು ನಾಟಿ ಎಂಬ ಹೆಸರಿನಲ್ಲಿ ಸಾಗಿಹೋಗುತ್ತವೆ. ಕೊಳ್ಳುವಾಗ ಎದೆಮೂಳೆಯ ಹಿಂತುದಿಯನ್ನು ಒತ್ತಿ ನೋಡಿ: ಮೆತ್ತಗೆ ಬಾಗಿದರೆ ಎಳೆಯ ಹಕ್ಕಿ, ಕಲ್ಲಿನಂತಿದ್ದರೆ ವಯಸ್ಸಾದದ್ದು. ತೂಕ ಹೆಚ್ಚಿದ್ದೂ ತುದಿ ಮೆತ್ತಗಿದ್ದರೆ ಬೇಗ ಬೆಳೆಯುವ ಅಡ್ಡತಳಿ ಎಂದರ್ಥ.

ಅಸೀಲ್ ಮೊಟ್ಟೆಗೆ ತೀರಾ ಕಡಿಮೆ, ಮೈಕಟ್ಟಿಗೆ ಮತ್ತು ಅಡ್ಡತಳಿಯ ಹುಂಜವಾಗಿ ಬಳಸಲು ಉತ್ತಮ. ಕಾಳಗಕ್ಕೆ ಬಿಡುವುದಕ್ಕೆ ಪ್ರಾಣಿಹಿಂಸೆ ತಡೆ ಕಾಯಿದೆಯ ನಿಷೇಧವಿದೆ. ಬೋಳು ಕತ್ತಿನ ಮತ್ತು ಗುಂಗುರು ಗರಿಯ ಕೋಳಿಗಳನ್ನು ಕುರೂಪವೆಂದು ಕಡೆಗಣಿಸುವವರೇ ಹೆಚ್ಚು. ಮೈಯ ಶಾಖ ಹೊರಹೋಗಲು ಆ ಬರಿ ಚರ್ಮವೇ ದಾರಿ, ಸೆಕೆಯ ಸೀಮೆಗೆ ಅವು ಹೇಳಿಮಾಡಿಸಿದಂತಿವೆ. ಬರೇಲಿಯ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಬೋಳು ಕತ್ತಿನಿಂದ ಹಿತ್‌ಕಾರಿ, ಗುಂಗುರು ಗರಿಯಿಂದ ಉಪ್‌ಕಾರಿ, ಅಸೀಲ್‌ನಿಂದ ನಿರ್ಭೀಕ್, ಕಡಕ್‌ನಾಥ್‌ನಿಂದ ಶ್ಯಾಮಾ ಎಂಬ ಅಡ್ಡತಳಿಗಳನ್ನು ಬೆಳೆಸಿದೆ. ರಾಯಚೂರು, ಕಲಬುರಗಿ ಕಡೆಯವರು ಬೋಳು ಕತ್ತಿನ ಹುಂಜ ಸಿಕ್ಕರೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗುಂಗುರಿಗೆ ಗುಂಗುರನ್ನೇ ಕೂಡಿಸಬೇಡಿ. ಇಬ್ಬರಿಂದಲೂ ಜೀನು ಬಂದ ಮರಿಯ ಗರಿ ಮುರಿದು ಉದುರಿ ಮೈ ಬರಿದಾಗುತ್ತದೆ.

ಐದನೆಯ ಹೆಜ್ಜೆ: ಅಡ್ಡತಳಿಯ ಲೆಕ್ಕ ತಿಳಿಯಿರಿ

ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿದಾಗ ಮೊದಲ ತಲೆಮಾರಿನ ಮರಿಗಳು ಒಂದೇ ಸಮನಾಗಿ, ಹುರುಪಿನಿಂದ ಬೆಳೆಯುತ್ತವೆ. ಆ ಮರಿಗಳನ್ನೇ ಪರಸ್ಪರ ಕೂಡಿಸಿದರೆ ಎರಡನೆಯ ತಲೆಮಾರಿನಲ್ಲಿ ಲಕ್ಷಣಗಳು ಚದುರಿಹೋಗುತ್ತವೆ: ಒಂದು ದಪ್ಪ, ಒಂದು ಸಣಕಲು, ಒಂದಕ್ಕೆ ಮೊಟ್ಟೆ ಚೆನ್ನಾಗಿ, ಇನ್ನೊಂದಕ್ಕೆ ಇಲ್ಲ. ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಟ್ಟು ಮತ್ತೆ ಗಿರಿರಾಜವೇ ಬರುತ್ತದೆಂದು ಕಾಯುವ ರೈತರನ್ನು ಪ್ರತಿವರ್ಷ ನೋಡುತ್ತೇನೆ. ಬರುವುದು ಗಿರಿರಾಜದ ಮೂಲ ತಳಿಗಳ ಮೊಮ್ಮಕ್ಕಳಂಥ ಒಂದು ಮಿಶ್ರ ಗುಂಪು. ಮನೆಯ ಊಟಕ್ಕೆ ಅದು ಸಾಕು, ಆದರೆ ಗಿರಿರಾಜ ಮರಿ ಎಂದು ಇನ್ನೊಬ್ಬರಿಗೆ ಮಾರುವುದು ಸರಿಯಲ್ಲ.

ಕೋಳಿಗಳಲ್ಲಿ ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ಹೇಂಟೆ. ಕೆಲವು ಲಕ್ಷಣಗಳ ಜೀನು ಲಿಂಗ ನಿರ್ಧರಿಸುವ ವರ್ಣತಂತುವಿನ ಮೇಲೆಯೇ ಇರುತ್ತದೆ; ಅಂಥ ಲಕ್ಷಣ ತಾಯಿಯಿಂದ ಗಂಡುಮರಿಗೆ ಮಾತ್ರ ದಾಟುತ್ತದೆ. ಗರಿಯ ಮೇಲೆ ಅಡ್ಡ ಪಟ್ಟೆಗಳಿರುವ ಪ್ಲಿಮತ್ ರಾಕ್ ಹೇಂಟೆಗೆ ಪಟ್ಟೆಯಿಲ್ಲದ ರೋಡ್ ಐಲೆಂಡ್ ರೆಡ್ ಹುಂಜ ಕೂಡಿಸಿದರೆ, ಒಡೆದ ದಿನವೇ ಮರಿಗಳನ್ನು ಬೇರ್ಪಡಿಸಬಹುದು. ಕಪ್ಪು ಮರಿಯ ನೆತ್ತಿಯ ಮೇಲೆ ಸುಣ್ಣದ ಬೆರಳು ಮುಟ್ಟಿಸಿದಂತೆ ಬಿಳಿ ಚುಕ್ಕೆ ಇದ್ದರೆ ಅದು ಹುಂಜ, ನೆತ್ತಿ ಪೂರ್ತಿ ಕಪ್ಪಾಗಿದ್ದರೆ ಹೇಂಟೆ. ಹುಂಜ ಪಟ್ಟೆಯದಾಗಿ ಹೇಂಟೆ ಪಟ್ಟೆಯಿಲ್ಲದ್ದಾದರೆ ಈ ಉಪಾಯ ಫಲಿಸದು.

ನನ್ನ ಕಡಕ್‌ನಾಥ್ ಮರಿಗಳ ಗುಟ್ಟನ್ನು ನಾನು ಬಿಡಿಸಿಕೊಂಡದ್ದೂ ಇದೇ ಲೆಕ್ಕದಿಂದ. ಒಳಮೈಯನ್ನು ಕಪ್ಪಾಗಿಸುವ ಜೀನು ಒಂದಾದರೆ, ಆ ಕಪ್ಪನ್ನು ತಡೆಹಿಡಿಯುವ ಇನ್ನೊಂದು ಜೀನು ಲಿಂಗ ವರ್ಣತಂತುವಿನ ಮೇಲಿದೆ. ತಿಳಿಗಾಲಿನ ಕೋಳಿಗಳಲ್ಲಿ ಸಾಮಾನ್ಯವಾಗಿ ಈ ತಡೆ ಇರುತ್ತದೆ. ಕಡಕ್‌ನಾಥ್ ಹುಂಜಕ್ಕೆ ತಿಳಿಗಾಲಿನ ಹೇಂಟೆ ಕೂಡಿದರೆ ಹುಟ್ಟುವ ಹೇಂಟೆಗಳು ಬಹಳ ಕಪ್ಪಾಗಿರುತ್ತವೆ, ಹುಂಜಗಳಲ್ಲಿ ತಾಯಿಯಿಂದ ಬಂದ ತಡೆಯಿಂದಾಗಿ ಜುಟ್ಟು, ಕಾಲು ತಿಳಿಯಾಗುತ್ತವೆ. ಹುಂಜ ತಿಳಿಗಾಲಿನದಾಗಿ ಹೇಂಟೆ ಕಡಕ್‌ನಾಥ್ ಆದರೆ ಮರಿಗಳೆಲ್ಲವೂ ತಿಳಿಯೇ. ಹಾಗಾಗಿ ಒಂದು ಗುಂಪಿನ ಹೇಂಟೆಗಳನ್ನು ಮಾತ್ರ ನೋಡಿ ಶುದ್ಧ ಎಂದು ಹೇಳಬಾರದು, ಅವುಗಳ ಜೊತೆ ಹುಟ್ಟಿದ ಹುಂಜಗಳನ್ನು ತೋರಿಸಿ ಎಂದು ಕೇಳಬೇಕು.

ಆರನೆಯ ಹೆಜ್ಜೆ: ಮನೆಯಲ್ಲಿ ಅಡ್ಡತಳಿ ಮಾಡುವ ಕ್ರಮ

ಹಿತ್ತಿಲಿಗೆ ನಾನು ಸೂಚಿಸುವುದು ನಾಟಿ ಹೇಂಟೆ, ಸುಧಾರಿತ ಹುಂಜ. ಹೇಂಟೆ ನಾಟಿಯಾಗಿ ಉಳಿದರೆ ಕಾವು ಕೂರುವ, ಮರಿ ಕಾಯುವ ಗುಣ ಮನೆಯಲ್ಲಿ ಉಳಿಯುತ್ತದೆ. ಹುಂಜ ರೋಡ್ ಐಲೆಂಡ್ ರೆಡ್ ಅಥವಾ ಅಸೀಲ್ ಆದರೆ ಮರಿಗಳಿಗೆ ತೂಕವೋ ಮೊಟ್ಟೆಯೋ ಸೇರುತ್ತದೆ. ಹುಂಜ ತೀರಾ ಭಾರವಿದ್ದರೆ ಸಣ್ಣ ನಾಟಿ ಹೇಂಟೆಯ ಬೆನ್ನು ಉಗುರಿನಿಂದ ಹರಿಯುತ್ತದೆ. ಹುಂಜದ ಉಗುರು, ಕಾಲಿನ ಮುಳ್ಳಿನ ತುದಿಯನ್ನು ಉಜ್ಜಿ ಮೊಂಡು ಮಾಡಿ ಬಿಡಿ, ಮೂರು ಕಿಲೋ ಮೀರದ ಎಳೆಯ ಹುಂಜವನ್ನೇ ಆರಿಸಿ.

ಎಂಟರಿಂದ ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹೊಸ ಹುಂಜ ಬಿಡುವ ಮುನ್ನ ಹಳೆಯದನ್ನು ತೆಗೆದು ಮೂರು ವಾರ ಕಾಯಲೇಬೇಕು, ಏಕೆಂದರೆ ಹೇಂಟೆಯ ಮೈಯಲ್ಲಿ ಹಿಂದಿನ ಹುಂಜದ ವೀರ್ಯ ಎರಡು ವಾರಕ್ಕೂ ಮೀರಿ ಜೀವಂತವಾಗಿ ಉಳಿಯುತ್ತದೆ. ಆ ಅವಧಿಯ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ಕಾವಿಗಿಡಬೇಡಿ. ಹೊಸದಾಗಿ ತಂದ ಹುಂಜವನ್ನೂ ಆ ಮೂರು ವಾರ ಬೇರೆಯಾಗಿ ಕೂಡಿಹಾಕಿ, ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಆಗಿದೆಯೇ ಎಂದು ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಹತ್ತಿರದ ಪಶುವೈದ್ಯರನ್ನು ಕಾಣಿ.

ಕಾವಿಗಿಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು, ತೊಳೆದಿರಬಾರದು, ತೀರಾ ಉದ್ದವೋ ಉರುಟೋ ಆಗಿರಬಾರದು. ನಾಟಿ ಹೇಂಟೆಯ ಕೆಳಗೆ ಅದರದೇ ಮೊಟ್ಟೆಯಾದರೆ ಹತ್ತರಿಂದ ಹನ್ನೆರಡು ಇಡಿ, ದೊಡ್ಡ ಮೊಟ್ಟೆಯಾದರೆ ಎಂಟಕ್ಕೆ ನಿಲ್ಲಿಸಿ. ಏಳನೆಯ ರಾತ್ರಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಒತ್ತಿ ಹಿಡಿದು ನೋಡಿದರೆ, ಜೀವವಿರುವ ಮೊಟ್ಟೆಯೊಳಗೆ ಜೇಡದ ಬಲೆಯಂತೆ ರಕ್ತದ ಎಳೆಗಳು ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಮಿಸುಕುತ್ತದೆ. ಒಳಗೆ ಏನೂ ಇಲ್ಲದೆ ತಿಳಿಯಾಗಿ ಹೊಳೆಯುವುದು ಜೊಳ್ಳು, ತೆಗೆದುಬಿಡಿ. ಇಪ್ಪತ್ತೊಂದನೆಯ ದಿನ ಮರಿ ಬರುತ್ತದೆ.

ಹುಟ್ಟಿದ ಮರಿಗಳಲ್ಲಿ ಯಾವುದು ಯಾವ ಕೂಟದ್ದೆಂದು ಎರಡು ತಿಂಗಳ ಮೇಲೆ ನೆನಪಿರುವುದಿಲ್ಲ. ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿ, ಕಾಲು ದಪ್ಪವಾದಂತೆ ತಿಂಗಳಿಗೊಮ್ಮೆ ಸಡಿಲಿಸಿ ಬದಲಿಸಿ. ಒಂದು ನೋಟ್‌ಬುಕ್ಕಿನಲ್ಲಿ ಹುಂಜ, ಹೇಂಟೆ, ಕಾವಿಗಿಟ್ಟ ದಿನ, ಒಡೆದ ಮರಿಗಳ ಸಂಖ್ಯೆ, ಎಂಟನೆಯ ವಾರದ ತೂಕ, ಮೊದಲ ಮೊಟ್ಟೆಯ ದಿನ ಬರೆದಿಡಿ. ಒಂದೂವರೆ ಎರಡು ವರ್ಷಕ್ಕೊಮ್ಮೆ ಹುಂಜ ಬದಲಾಯಿಸುವಾಗ, ಮಗಳ ಮೇಲೆ ತಂದೆಯೇ ಏರದಂತೆ ನೋಡಿಕೊಳ್ಳಲು ಈ ಪುಸ್ತಕವೇ ಆಧಾರ. ನನ್ನ ಪುಸ್ತಕದ ಮೊದಲ ಪುಟದಲ್ಲಿ ಆ ಇಪ್ಪತ್ತೈದು ಕಪ್ಪು ಮರಿಗಳಿವೆ. ಕಡಕ್‌ನಾಥ್ ಎಂದು ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಅಡ್ಡತಳಿ ಎಂದು ತಿದ್ದಿದ್ದೇನೆ, ಮೊಟ್ಟೆ ಕೊಟ್ಟಿದ್ದ ನಾಲ್ಕೂ ಮನೆಗಳಿಗೆ ಹೋಗಿ ಹಾಗೆಯೇ ತಿಳಿಸಿ ಬಂದಿದ್ದೇನೆ.